ಶ್ರುತಿ ಸೇರಿದ ಎಂಜಿನ್

ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚುವ ಮೊದಲು ಅದು ಕೂತಿದ್ದ ಜಾಗಕ್ಕೊಂದು ಗೆರೆ ಎಳೆದುಕೊಳ್ಳಬೇಕಿತ್ತು. ಸೇತುರಾಮರು ಎಳೆದುಕೊಳ್ಳಲಿಲ್ಲ. ಒರೆಸಿ ವಾಪಸ್ ಕೂರಿಸಿದ್ದು ಅಂದಾಜಿನ ಮೇಲೆ. ಅವರಪ್ಪ ಕೊಂಡಿದ್ದ ಅರವತ್ತೆಂಟರ ಕಾರು ಅಂದಿನಿಂದ ಬಸವೇಶ್ವರನಗರದ ಮನೆಯ ಮುಂದೆ ಕಲ್ಲಿನಂತೆ ನಿಂತಿತ್ತು.

"ಇವತ್ತು ಸಂಜೆ ಐದರೊಳಗೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಗುಜರಿಗೆ," ಎಂದು ಹೆಂಡತಿ ಅಂಬುಜಾ ಬೆಳಗಿನ ಕಾಫಿಯ ಜೊತೆಗೇ ತೀರ್ಪು ಕೊಟ್ಟರು.

ಸೇತುರಾಮರು ಡ್ರೈವಿಂಗ್ ಕಲಿತದ್ದು ಅದರಲ್ಲಿ. ಅಂಬುಜಾರನ್ನು ಮದುವೆಯಾಗಿ ಕರೆತಂದದ್ದೂ ಅದರಲ್ಲೇ. ಸ್ಪ್ಯಾನರ್ ಹಿಡಿದು ಬಾನೆಟ್ಟಿನೊಳಗೆ ತಲೆ ತೂರಿಸಿದರು.

ಪೆಟ್ರೋಲಿಗೆ ಕಿಡಿ ಯಾವ ಗಳಿಗೆಯಲ್ಲಿ ತಗಲಬೇಕೋ ಆಗಲೇ ತಗಲಬೇಕು. ಡಿಸ್ಟ್ರಿಬ್ಯೂಟರನ್ನು ಇಷ್ಟೇ ಇಷ್ಟು ತಿರುಗಿಸಿದರೂ ಗಳಿಗೆ ತಪ್ಪುತ್ತದೆ. ನೀರಾವರಿ ಇಲಾಖೆಯಲ್ಲಿ ನಿವೃತ್ತರಾದ ಎದುರುಮನೆಯ ಚನ್ನವೀರಪ್ಪನವರು ಕರೆಯದೆ ಬಂದು, ಕೀ ಹಿಡಿದು ಸೀಟಿನಲ್ಲಿ ಕೂತರು.

"ಮುಂದಕ್ಕ ತಿರುಗಸ್ರಿ!"

ತಿರುಗಿಸಿದರು. ಎಂಜಿನ್ ಧಡ್ ಎಂದು ಒದ್ದುಕೊಂಡು ನಿಂತಿತು.

"ಹಂಗಾದ್ರ ಹಿಂದಕ್ಕ!"

ತಿರುಗಿಸಿದರು. ಸೈಲೆನ್ಸರ್ ಢಮ್ಮೆಂದು ಸಿಡಿದು, ಪಕ್ಕದ ಮನೆಯ ಅಂಜನಮ್ಮನವರು ಗೇಟಿನ ಬಳಿ ಒಣಹಾಕಿದ್ದ ಸಂಡಿಗೆಯ ಮೇಲೆ ಮಸಿ ಕೂತಿತು.

"ಜೀರಿಗೆ ಹಾಕಿದ್ದೆ ಸಾರ್, ಮಸಿ ಹಾಕಿರ್ಲಿಲ್ಲ!" ಎಂದು ಅಂಜನಮ್ಮ ಹೌಹಾರಿದರು. ಸೇತುರಾಮರು ಕೈಮುಗಿದು, ಮುಗಿದ ಕೈಯಿಂದಲೇ ಇನ್ನಷ್ಟು ಮಸಿ ಬೀಳಿಸಿದರು.

ನಾಲ್ಕೂವರೆಗೆ ಕಾರು ಹೇಗೋ ಚಾಲೂ ಆಗಿ ಕೆಮ್ಮತೊಡಗಿತು. ಮಹಡಿಯಲ್ಲಿ ಪಾಠ ನಡೆಸುತ್ತಿದ್ದ ಸಂಗೀತದ ಟೀಚರ್ ರಾಗಿಣಿ ತಾಳ್ಮೆಗೆಟ್ಟು ಕೆಳಗಿಳಿದರು.

"ಅಂಕಲ್, ಶ್ರುತಿನೇ ಸೇರ್ತಾ ಇಲ್ಲ. ಕೂದಲೆಳೆಯಷ್ಟು ತಿರುಗಿಸ್ತಾ ಬನ್ನಿ, ನಾನು ಹೇಳ್ದಾಗ ನಿಲ್ಸಿ."

ರಾಗಿಣಿ ಕಣ್ಣುಮುಚ್ಚಿ ಆಲಿಸಿದರು. "ಇನ್ನೂ... ಇನ್ನೂ ಸ್ವಲ್ಪ... ಹಾಂ, ಅಲ್ಲೇ!"

ಎಂಜಿನ್ ತಂಬೂರಿಯ ಹಾಗೆ ಗುನುಗತೊಡಗಿತು. ಸೇತುರಾಮರು ನಟ್ಟು ಬಿಗಿದು ಗಡಿಯಾರ ನೋಡಿದರು. ಐದಕ್ಕೆ ಹತ್ತು ನಿಮಿಷವಿತ್ತು! ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಅವರ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ನಾಯಂಡಹಳ್ಳಿಯ ಗುಜರಿ ಅಂಗಡಿಯ ಮರೆಪ್ಪ ಆಟೋದಿಂದ ಇಳಿದು, ಗೇಟಿನಲ್ಲಿ ನಿಂತಿದ್ದ ಅಂಬುಜಾರನ್ನು ಕೇಳಿದ.

"ಸ್ಟಾರ್ಟ್ ಆಯ್ತಾ ಅಮ್ಮಾ? ಸರಿ, ಕೀ ಕೊಡಿ. ಎಳ್ಕೊಂಡ್ ಹೋಗೋ ಗಾಡಿ ಆಗಿದ್ರೆ ನಾನು ಮುಟ್ತಾನೇ ಇರ್ಲಿಲ್ಲ."

ಸೇತುರಾಮರು ಹೆಂಡತಿಯ ಕಡೆ ತಿರುಗಿದರು. "ಸ್ಟಾರ್ಟ್ ಆಗ್ದಿದ್ರೆ ಗುಜರಿಗೆ ಅಂದಿದ್ಯಲ್ಲೇ!"

"ಸ್ಟಾರ್ಟ್ ಆದ್ರೆ ಗುಜರಿಗೆ ಅಂದಿದ್ರೆ," ಎಂದರು ಅಂಬುಜಾ, "ನೀವು ಸ್ಪ್ಯಾನರ್ ಮುಟ್ತಿದ್ರಾ?"