ನಾಲ್ಕು ಚಕ್ರ, ಒಂದು ಕಂಬ

“ಜಾರುವುದು ಕಾರಲ್ಲ, ಓಡಿಸುವವರ ಬುದ್ಧಿ!” ಎಂದು ನಾನು ಘೋಷಿಸಿದೆ. ವಿಶ್ವವಿದ್ಯಾಲಯದಲ್ಲಿ ಜೀವಮಾನವಿಡೀ ಭೌತಶಾಸ್ತ್ರದ ಘರ್ಷಣೆಯ ಪಾಠ ಹೇಳಿ ನಿವೃತ್ತಳಾದವಳು ನಾನು. ಈಗ ಅಂಗಳದಲ್ಲಿ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಹೊಸ ಕಾರು! ನಮ್ಮೂರು ಕುಸಾಮೊದ ಹಿಮಗಟ್ಟಿದ ರಸ್ತೆಗಳೆಲ್ಲ ನನ್ನೆದುರು ಮಂಡಿಯೂರಲೇಬೇಕಿತ್ತು.

ನನ್ನ ಗಂಡ ತೌನೊ ಮಾತಿನಲ್ಲಿ ಮಹಾ ಜಿಪುಣರು. ಅಂದು ಮಾತ್ರ ಧಾರಾಳಿಯಾದರು.

“ಜಾರದೆ ನನ್ನ ತಂಗಿ ಲೆಂಪಿ ಮನೆ ಮುಟ್ಟು, ಕಾರು ನಿಂದೇ. ಜಾರಿದ್ಯೋ, ಚಳಿಗಾಲ ಮುಗಿಯೋ ತನಕ ಒದೆಬಂಡಿ!”

ಒದೆಬಂಡಿಯೆಂದರೆ ಒಂದು ಕಾಲಲ್ಲಿ ನೆಲ ಒದೆಯುತ್ತ ತಳ್ಳಿಕೊಂಡು ಹೋಗುವ ಜಾರುಕುರ್ಚಿ. ನಮ್ಮೂರ ಮುದುಕಿಯರ ವಾಹನ. ನನಗಿನ್ನೂ ಬರೀ ಎಪ್ಪತ್ತೆರಡು!

ಕ್ಯಾಲೆಂಡರಿನಲ್ಲಿ ನಾದಿನಿ ಲೆಂಪಿಯ ಹೆಸರಿಗೆಂದೇ ಮೀಸಲಾದ ಹಬ್ಬ, ಅವಳ ನಾಮದಿನ; ಅದರ ಕಾಫಿಗೆ ಹೊರಟೆ. ತೌನೊ ಮೆಟ್ಟಿಲ ಮೇಲಿಂದ, “ಏ ಔನೆ, ಆ ತಂತಿ...” ಎಂದು ನನ್ನ ಹೆಸರು ಹಿಡಿದು ಕೂಗಿದರು.

“ಒಂದು ಮಾತೂ ಆಡ್ಬೇಡಿ! ನಂಗೆ ಪಾಠ ಹೇಳ್ತೀರಾ?”

ಆಡಲಿಲ್ಲ.

ಕಾರು ಮಿಸುಕಲಿಲ್ಲ. ಮಂಜುಗಡ್ಡೆಯ ಹಟ! ಹದವಾಗಿ ವೇಗ ಕೊಟ್ಟೆ. ನಾಲ್ಕೂ ಚಕ್ರ ಕಚ್ಚಿದವು, ಹಿಂದೆಲ್ಲೋ ಲಟಕ್ಕೆಂದಿತು, ಕಾರು ಚಿಮ್ಮಿತು. ಆಹಾ, ವಿಜ್ಞಾನವೇ!

ತಿರುವುಗಳಲ್ಲಿ ಎಳ್ಳಷ್ಟೂ ಜಾರಲಿಲ್ಲ. ಊರಿಗೆ ಊರೇ ನನಗೆ ಕೈ ಬೀಸಿತು! ಮದುವೆಯಲ್ಲೂ ನಗದ ನಮ್ಮ ಜನ! ಪಾದ್ರಿಗಳಂತೂ ಎರಡೂ ಕೈ ಎತ್ತಿ ಬೀದಿಗೇ ಓಡಿಬಂದರು. ನಾನು ಮಹಾರಾಣಿಯಂತೆ ಬೆರಳಾಡಿಸಿ ಮುಂದೆ ಸಾಗಿದೆ.

ಲೆಂಪಿ ಏಲಕ್ಕಿ ಬನ್ನಿನ ತಟ್ಟೆ ಹಿಡಿದೇ ಬಾಗಿಲಿಗೆ ಬಂದಳು.

“ಅತ್ತಿಗೆ, ಎಲ್ರೂ ಹೂವು ತರ್ತಾರೆ. ನೀವು ಕಂಬ ತಂದಿದೀರಲ್ಲ!”

ತಿರುಗಿ ನೋಡಿದೆ. ಚಳಿಗೆ ಎಂಜಿನ್ ಹೆಪ್ಪುಗಟ್ಟದಿರಲೆಂದು ಅಂಗಳದ ಸೊಂಟದೆತ್ತರದ ಕರೆಂಟು ಕಂಬದಿಂದ ಕಾರಿಗೆ ಚುಚ್ಚಿದ್ದ ತಂತಿಯನ್ನು ನಾನು ಕಿತ್ತೇ ಇರಲಿಲ್ಲ. ತಂತಿಯ ತುದಿಯಲ್ಲಿ, ಬುಡ ಮುರಿದ ಕಂಬ ಸಾಕುನಾಯಿಯಂತೆ ಮಲಗಿತ್ತು.

ತೌನೊಗೆ ಫೋನ್ ಮಾಡಿ ಗದರಿದೆ. “ಕಣ್ಣಾರೆ ನೋಡಿದ್ರಲ್ಲ, ಹೇಳೋಕೇನಾಗಿತ್ತು?”

“ಒಂದು ಮಾತೂ ಆಡ್ಬೇಡಿ ಅಂದ್ಯಲ್ಲ.”

“ಹೋಗ್ಲಿ, ಜಾರಿಲ್ಲ! ಪಂತ ನಂದೇ!”

“ನಿಂದೇ ಕಣೇ. ಕಾರೂ ನಿಂದೇ. ಆದ್ರೆ ನೆಲ ಕಲ್ಲಾಗಿದೆ. ಅದು ಕರಗೋ ತನಕ ಕಂಬ ನೆಡೋಕಾಗಲ್ಲ.”

ಮೈನಸ್ ಮೂವತ್ತರ ಚಳಿಯಲ್ಲಿ, ಕಂಬವಿಲ್ಲದ ಕಾರು ಕೆಮ್ಮುವುದೂ ಇಲ್ಲ. ನನ್ನ ಸ್ವಂತ ಕಾರು ಈಗ ಅಂಗಳದಲ್ಲಿ ಹಿಮ ಹೊದ್ದು ಮಲಗಿದೆ. ನಾನು ದಿನವೂ ಅದರ ಪಕ್ಕದಿಂದಲೇ ಒದೆಬಂಡಿ ತಳ್ಳಿಕೊಂಡು ಅಂಗಡಿಗೆ ಹೋಗುತ್ತೇನೆ. ಕಿಟಕಿಯಲ್ಲಿ ತೌನೊ ಕೈ ಬೀಸುತ್ತಾರೆ. ಒಂದು ಮಾತೂ ಆಡುವುದಿಲ್ಲ!