ಶಿವರುದ್ರಸ್ವಾಮಿಯ ವೈಪರ್ ಮೋಟಾರು

ಶಿವರುದ್ರಸ್ವಾಮಿಯ ಸಂಸಾರಕ್ಕೆ ಕುತ್ತು ತಂದದ್ದು ಮೊಳದುದ್ದದ ಒಂದು ವೈಪರ್ ಕಡ್ಡಿ. ಹೋದ ತಿಂಗಳು ಗುಂಡ್ಲುಪೇಟೆಯಲ್ಲಿ ನಾದಿನಿ ನಾಗಮಣಿಯ ಗೃಹಪ್ರವೇಶಕ್ಕೆ ಹೊರಟಾಗ ದಾರಿಯಲ್ಲಿ ಮಳೆ ಹಿಡಿಯಿತು, ವರ್ಷದಿಂದ ಮಳೆಗೆ ಹೊರಗೆ ತೆಗೆಯದಿದ್ದ ಹಳೇ ಫಿಯೆಟ್ ಕಾರಿನ ವೈಪರ್ ಅಲ್ಲಾಡಲಿಲ್ಲ. ಅವನು ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಟವೆಲ್ ಹಿಡಿದು, ಕಿಟಕಿಯಾಚೆ ತಲೆ ಹಾಕಿ ಗಾಜು ಒರೆಸುತ್ತ ಎತ್ತಿನಗಾಡಿಯ ವೇಗದಲ್ಲಿ ಹೋದ. ತಲುಪುವ ಹೊತ್ತಿಗೆ ಎಲೆ ಎತ್ತಿ, ನೆಲ ಸಾರಿಸಿ ಆಗಿತ್ತು. ಹೆಂಡತಿ ಚಂದ್ರಮತಿಯ ಹೊಸ ರೇಷ್ಮೆ ಸೀರೆಯನ್ನು ನೋಡಲು ಅಲ್ಲಿ ಉಳಿದಿದ್ದವರು ಅಡುಗೆಯವರು ಮಾತ್ರ.

ಚಂದ್ರಮತಿ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಬದಲಿಗೆ ತಣ್ಣಗೆ ಒಂದು ಮಾತು ಹೇಳಿದಳು.

"ಆಯುಧಪೂಜೆ ದಿಸ ನಾಗಮಣಿ ಊಟಕ್ಕೆ ಕರ್ದವ್ಳೆ. ಮಳೆ ಬರ್ಲಿ ಬುಡ್ಲಿ, ದಾರೀಲಿ ನಿಲ್ದಂಗೆ ಕರ್ಕೊಂಡೋದ್ರೆ ನಿಮ್ ಕಾರು ಉಳ್ಕತದೆ. ನಿಂತ್ರೆ, ಗುಜರಿ ಬಷೀರಣ್ಣಂಗೆ ಏಳಿವ್ನಿ, ಬಂದು ಎಳ್ಕೊಂಡೋಯ್ತಾರೆ."

ಅವನು ಅದನ್ನು ಕ್ಲಾಸಿಕ್ ಎನ್ನುತ್ತಿದ್ದ, ಅವಳು ಗುಜರಿ ಎನ್ನುತ್ತಿದ್ದಳು. ಆದರೆ ಶಿವರುದ್ರಸ್ವಾಮಿಗೆ ಅದು ಬರೀ ಕಾರಲ್ಲ. ಅವನು ಹುಟ್ಟೂರು ಉಡಿಗಾಲದಲ್ಲಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗ ಊರಿಗೆ ಬರುತ್ತಿದ್ದ ಡಾಕ್ಟರ ಕಾರು ಅದು. ಅದರ ಹಿಂದೆ ಧೂಳು ಕುಡಿಯುತ್ತ ಓಡಿದ ಹುಡುಗ ದೊಡ್ಡವನಾಗಿ, ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಗುಮಾಸ್ತನಾಗಿ, ಡಾಕ್ಟರ ಮಕ್ಕಳಿಂದ ಅದನ್ನೇ ಕೊಂಡಿದ್ದ. ದಿನವಿಡೀ ಯಾರದೋ ನಟ್ಟು ಬೋಲ್ಟು ಕಾಯುವವನಿಗೆ ತನ್ನದು ಅನ್ನಲು ಇದ್ದದ್ದು ಅದೊಂದೇ. ಅದು ಹೋದರೆ ತನ್ನ ಎದೆಯ ಒಂದು ಪಕ್ಕೆಲುಬೇ ಹೋದಂತೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಹೀಗಾಗಿ ಆಯುಧಪೂಜೆಯ ಬೆಳಿಗ್ಗೆ ಅವನು ಜಗಲಿಯ ಮೇಲೆ ಗೋಣಿಚೀಲ ಹಾಸಿ, ವೈಪರ್ ಮೋಟಾರನ್ನು ಬಿಚ್ಚಿ ಹರಡಿಕೊಂಡು ಕೂತ. ಮಧ್ಯಾಹ್ನದೊಳಗೆ ಮುಗಿಯಬೇಕು. ಆಮೇಲೆ ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲ ದೇವರ ಮುಂದೆ ಹೋಗುತ್ತವೆ, ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ.

ಬಿಚ್ಚಿದ ಮೋಟಾರು ಎಂದರೆ ಬೀದಿಗೆ ಬೆಲ್ಲವಿದ್ದಂತೆ. ಮೊದಲು ಬಂದವನು ಪಕ್ಕದ ಮನೆಯ ಶಾಂತರಾಜು, ನಿವೃತ್ತ ಲೈನ್‌ಮನ್. ಅವನ ಹಿಂದೆಯೇ ಹಿಟ್ಟಿನ ಗಿರಣಿಯ ಚಿಕ್ಕಮಲ್ಲಪ್ಪ.

"ಕಾಯಲ್ ಸುಟ್ಟೋಗದೆ ಕಣ್ಲಾ," ಎಂದ ಶಾಂತರಾಜು, ಮೋಟಾರನ್ನು ಮೂಸಿ. "ವಾಸ್ನೆ ನೋಡು."

"ಆ ವಾಸ್ನೆ ನಿನ್ ಬೀಡೀದು ಕಣ," ಎಂದ ಚಿಕ್ಕಮಲ್ಲಪ್ಪ. "ಗ್ರೀಸು ಒಣ್ಗದೆ ಅಷ್ಟೆಯ. ನಮ್ ಗಿರಣಿಗೆ ನಾನು ಅರಳೆಣ್ಣೆ ಬುಡ್ತೀನಿ. ಇಪ್ಪತ್ತೊರ್ಸ ಆಯ್ತು, ಇನ್ನೂ ತಿರ್ಗ್ತಾ ಅದೆ."

ಬೇಡ ಬೇಡ ಎನ್ನುವಷ್ಟರಲ್ಲಿ ಚಿಕ್ಕಮಲ್ಲಪ್ಪ ಹರಳೆಣ್ಣೆ ತಂದು ಸುರಿದ. ಅದನ್ನು ಒರೆಸಿ ಸೀಮೆಎಣ್ಣೆಯಲ್ಲಿ ತೊಳೆದದ್ದಾಯಿತು. ಶಾಂತರಾಜು ಮೋಟಾರಿನ ಒಳಗಿನ ಕಾರ್ಬನ್ ತುಂಡನ್ನು ಉಜ್ಜಿಕೊಡುತ್ತೇನೆಂದು ಈಸಿಕೊಂಡು ಚರಂಡಿಗೆ ಬೀಳಿಸಿದ. ಶಿವರುದ್ರಸ್ವಾಮಿ ಮೊಣಕೈಮಟ್ಟ ಚರಂಡಿಗೆ ಕೈ ಹಾಕಿ ಅದನ್ನು ಹುಡುಕಿದ. ಆ ಹೊತ್ತಿಗೆ ಹೋಗಿಬರುವವರೆಲ್ಲ ನಿಂತು, ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ನೋಡುವಂತೆ ಒಂದೊಂದು ಸಲಹೆ ಕೊಟ್ಟು ಹೋದರು.

ಕೊನೆಗೆ ಎಲ್ಲ ಜೋಡಿಸಿ ಬ್ಯಾಟರಿಗೆ ತಂತಿ ತಾಗಿಸಿದ. ಮೋಟಾರು ಗರ್ರನೆ ತಿರುಗಿತು. ಶಿವರುದ್ರಸ್ವಾಮಿಯ ಕಣ್ಣು ತುಂಬಿ ಬಂತು. ಕಾರಿಗೆ ಕೂರಿಸಿ ಸ್ವಿಚ್ ಹಾಕಿದ. ಮೋಟಾರು ಒಮ್ಮೆ ನರಳಿ ಸುಮ್ಮನಾಯಿತು.

ಮತ್ತೆ ಬಿಚ್ಚಿದ. ಗೋಣಿಚೀಲದ ಮೇಲೆ ಗರ್ರ್. ಮತ್ತೆ ಕೂರಿಸಿದ. ಮೌನ. ಹಬ್ಬದ ಊಟಕ್ಕೆ ತವರಿಗೆ ಹೋಗಿ ನಗುನಗುತ್ತ ಮಾತಾಡಿ, ಗಂಡನ ಮನೆ ಹೊಸ್ತಿಲು ದಾಟುತ್ತಲೇ ಮುಖ ಊದಿಸುವ ಸೊಸೆಯಂತೆ ಆಡಿತು ಅದು.

"ಇದು ಬದುಕಲ್ಲ ಬುಡು," ಎಂದು ತೀರ್ಪು ಕೊಟ್ಟು ಶಾಂತರಾಜು ಕಾಫಿ ಕುಡಿಯಲು ಮನೆಗೆ ಹೋದ. ಚಿಕ್ಕಮಲ್ಲಪ್ಪನೂ ಹೊರಟ.

ಒಬ್ಬನೇ ಉಳಿದ ಶಿವರುದ್ರಸ್ವಾಮಿ ಬಾನೆಟ್ಟಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಕೆನ್ನೆ ಗಾಜಿಗೆ ಒತ್ತಿತ್ತು. ಆಗ ಮೂಗಿನ ನೇರಕ್ಕೆ, ವೈಪರ್ ಕಡ್ಡಿಯ ಬುಡದಲ್ಲಿ, ಒಣಗಿದ ಚೆಂಡುಹೂವಿನ ಒಂದು ತೊಟ್ಟು ಕಂಡಿತು. ತೊಟ್ಟನ್ನು ಎಳೆದ. ಅದರ ಹಿಂದೆ ಹಸಿರು ನೈಲಾನ್ ದಾರ ಬಂತು. ಟೊಮೆಟೊ ಗಿಡ ಕಟ್ಟುವ ಗಟ್ಟಿ ದಾರ. ಬ್ಲೇಡಿನಿಂದ ಕೊಯ್ದು ಎಳೆದಷ್ಟೂ ಬಂತು. ಕಡ್ಡಿ ತಿರುಗುವ ಬುಡಕ್ಕೆ ಉರುಳು ಹಾಕಿದಂತೆ ಸುತ್ತಿಕೊಂಡಿತ್ತು. ಹೋದ ವರ್ಷದ ಆಯುಧಪೂಜೆಯಲ್ಲಿ, ಹೂವಿನ ದಾರ ಕಿತ್ತು ಬೀಳುತ್ತದೆಂದು ಚಂದ್ರಮತಿ ಕಾರಿನ ಹಾರವನ್ನು ಕಟ್ಟಿದ್ದು ಇದೇ ದಾರದಲ್ಲಿ, ಇದೇ ಕಡ್ಡಿಗಳಿಗೆ.

ಸ್ವಿಚ್ ಹಾಕಿದ. ಎರಡೂ ಕಡ್ಡಿ ಎದ್ದು ಗಾಜಿನ ಮೇಲೆ ಓಡಾಡತೊಡಗಿದವು. ಮೋಟಾರಿಗೆ ಯಾವ ರೋಗವೂ ಇರಲಿಲ್ಲ. ಅವನು ಬೆಳಗಿನಿಂದ ಔಷಧ ಕೊಟ್ಟದ್ದು ಗಟ್ಟಿಮುಟ್ಟಾದ ಆಳಿಗೆ.

ಸದ್ದು ಕೇಳಿ ಚಂದ್ರಮತಿ ಓಡಿ ಬಂದಳು. ಶಾಂತರಾಜು, ಚಿಕ್ಕಮಲ್ಲಪ್ಪ ಬಂದರು.

"ಏನಾಗಿತ್ರೀ?" ಎಂದಳು ಚಂದ್ರಮತಿ.

ದಾರ ಅವನ ಮುಷ್ಟಿಯಲ್ಲೇ ಇತ್ತು. ನಿಜ ಹೇಳಿದರೆ ಹಬ್ಬದ ದಿನ ನಾಲ್ಕು ಜನರ ಮುಂದೆ ಅವಳ ಮುಖ ಬಾಡುತ್ತದೆ. ಇದು ಒಂದು ಕಾರಣ. ಇನ್ನೊಂದು ಕಾರಣವೆಂದರೆ, ಮದುವೆಯ ಮಂಟಪದಲ್ಲಿ ನೋಡಿದ ಮೇಲೆ ಅವಳು ಅವನನ್ನು ಅಂಥ ಮೆಚ್ಚುಗೆಯ ಕಣ್ಣಿನಿಂದ ನೋಡುತ್ತಿದ್ದದ್ದು ಇದೇ ಮೊದಲು.

"ಆರ್ಮೇಚರು," ಎಂದ ಶಿವರುದ್ರಸ್ವಾಮಿ ಗಂಭೀರವಾಗಿ. "ಮೋಟ್ರೊಳ್ಗೆ ಕಾಯಲ್ ಸುತ್ತಿರೋ ಭಾಗ. ಸೂಕ್ಷ್ಮವಾದ ಕೆಲ್ಸ. ಎಲ್ರಿಗೂ ಆಗಲ್ಲ."

"ನಾನು ಏಳ್ಲಿಲ್ವ, ಕಾಯಲ್ಲು ಅಂತ," ಎಂದ ಶಾಂತರಾಜು. ಚಿಕ್ಕಮಲ್ಲಪ್ಪ ಹರಳೆಣ್ಣೆಯ ಮಹಿಮೆ ಎಂದ. ಚಂದ್ರಮತಿ ಎದುರು ಮನೆಗೂ ಕೇಳುವಂತೆ, "ನಮ್ಮನೆಯವ್ರು ಆರ್ಮೇಚರು ರಿಪೇರಿ ಮಾಡ್ಬುಟ್ರು," ಎಂದಳು. ಶಿವರುದ್ರಸ್ವಾಮಿ ದಾರವನ್ನು ಮೆಲ್ಲಗೆ ನೀರೊಲೆಗೆ ಹಾಕಿದ.

ಪೂಜೆಯ ಹೊತ್ತಾಯಿತು. ಸ್ಪ್ಯಾನರು, ಇಕ್ಕಳ, ಕತ್ತರಿ, ಚಾಕು, ಈಳಿಗೆಮಣೆ ಎಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಕೋಣೆಯಲ್ಲಿ ಕೂತವು. ಸ್ನಾನ ಮುಗಿಸಿ ಹೊರಗೆ ಬಂದ ಶಿವರುದ್ರಸ್ವಾಮಿ ಕಾರನ್ನು ನೋಡಿ ನಿಂತಲ್ಲೇ ನಿಂತ. ತೋಳು ಗಾತ್ರದ ಚೆಂಡುಹೂವಿನ ಹಾರ ಗಾಜಿನ ಮುಂದೆ ತೂಗುತ್ತಿತ್ತು. ಎರಡೂ ವೈಪರ್ ಕಡ್ಡಿಗೆ ಹಸಿರು ನೈಲಾನ್ ದಾರ, ಒಂದರ ಮೇಲೊಂದು ಗಂಟು.

"ಈ ಸಲ ಇನ್ನೂ ಬಿಗ್ಯಾಗಿ ಕಟ್ಟಿವ್ನಿ," ಎಂದಳು ಚಂದ್ರಮತಿ ಪ್ರೀತಿಯಿಂದ. "ನೀವು ಅಷ್ಟು ಕಷ್ಟ ಬಿದ್ದಿದ್ದೀರಿ."

"ಬಂಪರ್‌ಗೆ ಕಟ್ಟಿದ್ರೆ..."

"ಚಕ್ರದಡಿ ಬಿದ್ದು ತುಳ್ದಂಗಾಯ್ತದೆ. ಪೂಜೆ ಮಾಡಿದ ಹಾರ ಇವತ್ತು ಮುಟ್ಬೇಡಿ."

ನಿಜ ಹೇಳಲು ಬಾಯಿ ತೆರೆದ. ಮಂಗಳಾರತಿ ತೆಗೆದುಕೊಳ್ಳಲು ಬಂದಿದ್ದ ಶಾಂತರಾಜುವನ್ನು ನೋಡಿ ಮುಚ್ಚಿದ. ಮಳೆ ಬರದಿದ್ದರೆ ಸಾಕು ಎಂದು ಆಕಾಶ ನೋಡಿದ. ಆಕಾಶವೂ ಅವನನ್ನೇ ನೋಡುತ್ತಿತ್ತು.

ಉಡಿಗಾಲ ದಾಟುವವರೆಗೆ ದೇವರು ಕೈಬಿಡಲಿಲ್ಲ. ಆಮೇಲೆ ಬಿಟ್ಟ. ಮಳೆ ಕೊಡದಲ್ಲಿ ಸುರಿದಂತೆ ಬಂತು. ಶಿವರುದ್ರಸ್ವಾಮಿ ಸ್ವಿಚ್ ಹಾಕಿದ. ಕಡ್ಡಿಗಳು ಹಾರವನ್ನು ಒಂದು ಬೆರಳಷ್ಟು ಎತ್ತಿ, ನರಳಿ, ನಿಂತವು. ಮುಂದೆ ರಸ್ತೆಯೂ ಕಾಣಲಿಲ್ಲ, ದಾರಿಯೂ ಕಾಣಲಿಲ್ಲ. ಕಾರನ್ನು ಪಕ್ಕಕ್ಕೆ ಹಾಕಿದ.

"ಮೋಟ್ರು ಅಲ್ಲ ಕಣೆ, ದಾರ," ಎಂದ. "ಬೆಳಗ್ಗೇನೂ ದಾರವೇ. ನೀನು ಕಟ್ಟಿದ್ದು."

ಚಂದ್ರಮತಿ ಅವನ ಕಡೆ ತಿರುಗಿದಳು. "ಬೆಳಗ್ಗೆ ಆರ್ಮೇಚರು ಅಂದ್ರಿ. ಈಗ ಕೆಟ್ಟ ಮೇಲೆ ನಾನು ಕಟ್ಟಿದ ದಾರ ಅಂತೀರಿ. ದೇವ್ರ ಹಾರದ ಮ್ಯಾಲೆ ತಪ್ಪು ಹೊರ್ಸೋಕೆ ನಾಲ್ಗೆ ಎಂಗೆ ಬತ್ತದೆ ನಿಮ್ಗೆ?"

ಅವನು ಇಳಿದ. ಕತ್ತರಿಸಿ ತೋರಿಸಬೇಕು. ಡಿಕ್ಕಿ ತೆರೆದರೆ ಒಂದು ಮೊಳೆಯೂ ಇಲ್ಲ. ಆಯುಧಗಳೆಲ್ಲ ಮನೆಯಲ್ಲಿ ಪೂಜೆಗೆ ಕೂತಿವೆ. ಬೇರೆ ದಾರಿ ತೋಚದೆ, ಸುರಿಯುವ ಮಳೆಯಲ್ಲಿ ಬಾನೆಟ್ಟಿನ ಮೇಲೆ ಬಗ್ಗಿ ಗಂಟಿಗೆ ಹಲ್ಲು ಹಾಕಿದ. ನೈಲಾನ್ ದಾರ ಕಿತ್ತು ಬರಲಿಲ್ಲ, ಬಾಯಿ ತುಂಬ ಚೆಂಡುಹೂ ಬಂತು. ಗಾಜಿನ ಒಳಗಿನಿಂದ ನೋಡುತ್ತಿದ್ದ ಚಂದ್ರಮತಿ ಹಾರ್ನ್ ಒತ್ತಿ ಅವನನ್ನು ಒಳಗೆ ಕರೆದು, ಬಷೀರ್ ಅಹಮದ್‌ಗೆ ಫೋನ್ ಮಾಡಿದಳು.

ಬಷೀರ್ ತನ್ನ ಟೆಂಪೊದಲ್ಲಿ ಮಗ ಅಮೀನನೊಂದಿಗೆ ಬಂದ. "ಹಬ್ಬದ ದಿನ ಬ್ಯಾಡಿ ಅಮ್ಮ, ನಾಳೆ ನೋಡನ," ಎಂದ. ಚಂದ್ರಮತಿ ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. ಅಷ್ಟರಲ್ಲಿ ಗುಂಡ್ಲುಪೇಟೆ ಬಸ್ಸು ಬಂತು, ಗಂಡ ಹೆಂಡತಿ ಹತ್ತಿದರು. ಬಸ್ಸಿನ ಹಿಂದಿನ ಗಾಜಿನಲ್ಲಿ ಕೆನೆಬಣ್ಣದ ಕಾರು ಸಣ್ಣದಾಗುತ್ತ ಹೋಯಿತು. ಹಿಂದೆ ಧೂಳು ಕುಡಿಯುತ್ತ ಓಡಲು ಈ ಸಲ ಧೂಳೂ ಇರಲಿಲ್ಲ. ಶಿವರುದ್ರಸ್ವಾಮಿ ಕರ್ಚೀಫು ತೆಗೆದು ಮುಖ ಒರೆಸಿಕೊಂಡ. ಮಳೆ ನೀರೆಂದು ಎಲ್ಲರೂ ತಿಳಿದರು.

ತೆರಕಣಾಂಬಿಯಲ್ಲಿ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕಕ್ಕೆ ಕಾರೊಂದು ಬಂದು ನಿಂತು ಹಾರ್ನ್ ಮಾಡಿತು. ಕೆನೆಬಣ್ಣದ ಫಿಯೆಟ್. ಸುರಿಯುವ ಮಳೆಯಲ್ಲಿ ಅದರ ಎರಡೂ ವೈಪರ್ ಗಾಜನ್ನು ಕನ್ನಡಿಯಂತೆ ಒರೆಸುತ್ತಿದ್ದವು. ಸ್ಟೀರಿಂಗ್ ಹಿಂದೆ ಬಷೀರ್ ಅಹಮದ್.

"ಅಮ್ಮ, ಒಬ್ಬಟ್ಟಿನ ಡಬ್ಬಿ ಕಾರಲ್ಲೇ ಬಿಟ್ಟಿದ್ರಿ," ಎಂದು ಕಿಟಕಿಯಿಂದ ಕೊಟ್ಟ. ಅದರ ಮೇಲೆ ಮಡಿಸಿದ ಚೆಂಡುಹೂವಿನ ಹಾರವನ್ನೂ ಇಟ್ಟ. "ಪೂಜೆ ಹೂವು, ಬಿಸಾಕ್ಬಾರ್ದು ಅಂತ ತಂದೆ."

"ವೈಪರ್ ಓಡ್ತಾ ಅದೆಯಲ್ಲ ಬಷೀರಣ್ಣ. ಏನ್ ಮಾಡಿದ್ರಿ?"

"ನಾನೇನೂ ಮಾಡಿಲ್ಲ ಅಮ್ಮ. ಹಾರ ಕುಯ್ದೆ, ಅಷ್ಟೆ."

ಶಿವರುದ್ರಸ್ವಾಮಿ ಸೀಟಿನಿಂದ ಅರ್ಧ ಎದ್ದ. ಈಗಲಾದರೂ ನಿಜ ಹೊರಗೆ ಬಂತಲ್ಲ ಎಂದು ಹೆಂಡತಿಯ ಕಡೆ ತಿರುಗಿದ. ಆದರೆ ಚಂದ್ರಮತಿ ಬಷೀರನ ಕಡೆ ಗೌರವದಿಂದ ನೋಡಿ ಕೈ ಮುಗಿದಳು.

"ಇಟ್ಕಳಿ ಬಷೀರಣ್ಣ. ಗುಜರಿಗಾಕ್ಬೇಡಿ, ನೀವೇ ಓಡಿಸ್ಕಳಿ," ಎಂದಳು. ಬಸ್ಸು ಹೊರಟಿತು. ಅವಳು ಡಬ್ಬಿಯನ್ನೂ ಹಾರವನ್ನೂ ಗಂಡನ ತೊಡೆಯ ಮೇಲಿಟ್ಟು, ಯಾವ ಸಿಟ್ಟೂ ಇಲ್ಲದೆ, ಬುದ್ಧಿ ಹೇಳುವ ದನಿಯಲ್ಲಿ ಹೇಳಿದಳು:

"ನೋಡಿ ಕಲ್ತ್ಕಳಿ. ಕೆಲ್ಸ ಬಲ್ಲೋರು ಆರ್ಮೇಚರು ಗೀರ್ಮೇಚರು ಅಂತ ಬೀದಿಗೆಲ್ಲ ಸಾರ್ಕೊಂಡ್ ತಿರ್ಗಲ್ಲ. ಮೋಟ್ರು ಸರಿ ಮಾಡಿ, ಹಾರ ಕುಯ್ದೆ ಅಷ್ಟೆ ಅಂತಾರೆ."