ಪರಿಗಿ ಅಜ್ಜಿಯೂ ನನ್ನ ಕಣಜಗಳೂ

ಮದುವೆ ಮಾಡಿಸುವವರಿಗೂ ಹುಳ ಬಿಡುವವರಿಗೂ ಪೇಚಾಟ ತಪ್ಪುವುದಿಲ್ಲ. ಇಬ್ಬರೂ ಎರಡು ಜೀವಗಳನ್ನು ಒಂದು ಕಡೆ ಸೇರಿಸಿ, ಇನ್ನು ಅವುಗಳ ಪಾಡು ಅವಕ್ಕೆ ಅಂತ ಎದ್ದು ಬರುವವರು; ಆಮೇಲೆ ಬೈಸಿಕೊಳ್ಳುವವರೂ ಅವರೇ. ನಾನು ಮೊದಲು ಆಂಧ್ರದ ಗಡಿಸೀಮೆಯ ಕಲ್ಯಾಣದುರ್ಗದಲ್ಲಿ, ಆಮೇಲೆ ಹಿಂದೂಪುರದಲ್ಲಿ, ಬೆಳೆ ತಿನ್ನುವ ಕೀಟವನ್ನೇ ತಿನ್ನುವ ಕೀಟಗಳನ್ನು ಸಾಕಿ ರೈತರಿಗೆ ಹಂಚುತ್ತಿದ್ದವನು. ಈಗ ನಿವೃತ್ತ. ಕೇಳುವವರು ಸಿಕ್ಕರೆ ಬಿಡುವುದಿಲ್ಲ. ಇವತ್ತು ನೀವು ಸಿಕ್ಕಿದ್ದೀರಿ.

ದಪ್ಪನೆಯವು

ಹಿಂದೂಪುರದ ಪಕ್ಕದ ಪರಿಗಿ ಹತ್ತಿರ ಒಂದು ಹಿಪ್ಪುನೇರಳೆ ತೋಟ. ಅಜ್ಜಿ, ಅವರ ಸೊಸೆ ಇಬ್ಬರೇ ನೋಡಿಕೊಳ್ಳುವುದು. ಆ ತೋಟಕ್ಕೆ ಹಿಟ್ಟು ತಿಗಣೆ ಬಿತ್ತು. ಎಲೆ, ಕಾಂಡ, ಕುಡಿ ಎಲ್ಲ ಯಾರೋ ಅಕ್ಕಿಹಿಟ್ಟು ಎರಚಿದಂತೆ ಬೆಳ್ಳಗೆ. ವಿಷ ಹೊಡೆದರೆ ತಿಗಣೆ ಸಾಯುತ್ತದೆ, ಆದರೆ ಆ ಎಲೆ ತಿಂದ ರೇಷ್ಮೆ ಹುಳವೂ ಸಾಯುತ್ತದೆ.

"ಈ ಬೆಳೆ ಹೋಯ್ತು ಸಾರ್," ಅಂದಳು ಸೊಸೆ. "ಮುಂದಿನ ಬೆಳೆಗಾದ್ರೂ ಎಲೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಗಿಡ ಕಿತ್ತಾಕಿ ನಾವಿಬ್ರೂ ಕೂಲಿಗೆ ಹೋಯ್ತೀವಿ, ಅಷ್ಟೇಯ."

ನಾನು ಎದೆ ತಟ್ಟಿಕೊಂಡು, ನಮ್ಮ ಪ್ರಯೋಗಾಲಯದ ಜೀರುಂಡೆಗಳನ್ನು ತಂದು ಬಿಟ್ಟೆ. ಸಣ್ಣವು, ಕಪ್ಪು ಮೈ, ಕಿತ್ತಳೆ ತಲೆ. ತಿಗಣೆ ಎಂದರೆ ಅವಕ್ಕೆ ಹಬ್ಬದೂಟ. ಮೂರು ವಾರ ಬಿಟ್ಟು ಹೋಗಿ ನೋಡಿದರೆ ತಿಗಣೆ ಇದ್ದ ಹಾಗೇ ಇದೆ. ಅಜ್ಜಿ ಜಗಲಿಯ ಮೇಲೆ ಸೀಮೆಎಣ್ಣೆ ಬಟ್ಟಲು ಇಟ್ಟುಕೊಂಡು ಕೂತಿದ್ದಾರೆ.

"ನಿನ್ ಹುಳ ಬುಟ್ ಮ್ಯಾಕೆ ತಿಗಣೆ ಜಾಸ್ತಿ ಆಗೋದ್ವು ಕಣಪ್ಪ. ಒಂದೊಂದೂ ಇಷ್ಟಿಷ್ಟು ದಪ್ಪ. ಮೈ ತುಂಬ ಹತ್ತಿಯಂಗೆ ಬಿಳೀ ಜುಂಜು. ದಿನಾ ಆರಿಸಿ ಆರಿಸಿ ಇದರಾಗೆ ಹಾಕಿವ್ನಿ."

ಬಟ್ಟಲಲ್ಲಿ ಇಣುಕಿದೆ. ನನ್ನ ಜೀರುಂಡೆಯ ಮರಿಗಳು. ಈ ಮರಿಗಳು ನೋಡಲು ಥೇಟ್ ತಿಗಣೆಯಂತೆಯೇ ಇರುತ್ತವೆ, ಗಾತ್ರದಲ್ಲಿ ಮಾತ್ರ ದೊಡ್ಡವು. ಅದನ್ನು ಮೊದಲೇ ಹೇಳಬೇಕಾಗಿದ್ದವನು ನಾನು. ಭಾಷಣದ ಭರದಲ್ಲಿ ಮರೆತಿದ್ದೆ.

"ಸಣ್ಣವನ್ನ ಯಾಕಮ್ಮ ಬಿಟ್ರಿ?" ಅಂದೆ.

"ಪಾಪ, ಅವು ಇನ್ನೂ ಕೂಸು. ಅವನ್ನ ನಿನ್ ಹುಳ ನೋಡ್ಕಣ್ಲಿ ಅಂತ ಬುಟ್ಟೆ."

ಮರ್ಯಾದಸ್ಥರ ತೋಟ

ಜೀರುಂಡೆ ಮತ್ತೆ ಸಾಕುವಷ್ಟು ವೇಳೆ ಇರಲಿಲ್ಲ. ಉಳಿದಿದ್ದು ಒಂದೇ ದಾರಿ, ಕಣಜ. ಎಳ್ಳಿಗಿಂತ ಸಣ್ಣ ಕಣಜ ಅದು. ತಿಗಣೆಯ ಹೊಟ್ಟೆಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿಂದು, ಬರೀ ಸಿಪ್ಪೆ ಉಳಿಸಿ ಹಾರಿಹೋಗುತ್ತದೆ. ಪರಂಗಿಗೂ ಹತ್ತುವುದು ಇದೇ ತಿಗಣೆ; ಕಲ್ಯಾಣದುರ್ಗದ ಹತ್ತಿರ ಒಬ್ಬರ ಪರಂಗಿ ತೋಟದಲ್ಲಿ ಈ ಕಣಜ ಬೇಕಾದಷ್ಟಿತ್ತು. ಆ ಯಜಮಾನರು ನನಗೆ ಹಳೆಯ ಪರಿಚಯ. ಹಿಂದೊಮ್ಮೆ ಟೊಮೊಟೊ ಹುಳಕ್ಕೆ ಅಂತ, ಬೇರೊಂದು ಕಣಜದ ಮೊಟ್ಟೆ ಅಂಟಿಸಿದ ಕಾರ್ಡುಗಳನ್ನು ಕೊಟ್ಟು, ಗಿಡಕ್ಕೆ ಕಟ್ಟಿ ಅಂದಿದ್ದೆ. ಮಳೆಗೆ ನೆನೆದಾವು ಅಂತ ಪುಣ್ಯಾತ್ಮರು ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸಿ ಕಟ್ಟಿದ್ದರು.

ಈ ಸಲ ಬಿಡಿಸಿ ಹೇಳಿದೆ: "ತಿಗಣೆ ಹತ್ತಿದ ಎಲೆ ಬೇಕು, ಕಣಜದ ಮರಿ ಇರೋದು ಆ ತಿಗಣೆ ಒಳಗೇ. ಎಷ್ಟು ಕೆಟ್ಟಿದ್ರೆ ಅಷ್ಟು ಒಳ್ಳೇದು."

"ಆಯ್ತು ಸಾರ್, ಕೂತ್ಕಳ್ಳಿ, ಕಾಫಿ ಕುಡೀರಿ," ಅಂತ ಒಳಗೆ ಹೋದವರು ಒಂದು ಬುಟ್ಟಿ ಹಿಡಿದು ಬಂದರು. ತುಂಬ ಹಣ್ಣು, ಮೇಲೆ ಮುಚ್ಚಲು ನಾಲ್ಕು ಎಲೆ. ಎಲೆಗಳು ತೊಳೆದು ಒರೆಸಿ ಫಳಫಳ ಹೊಳೆಯುತ್ತಿದ್ದವು.

"ಇದಲ್ಲಪ್ಪ, ಹುಳ ಹತ್ತಿದ್ದು."

ಅವರ ಮುಖ ಸಣ್ಣಗಾಯಿತು. "ಅದೆಟ್ಲಾ ಇಚ್ಚೇದಿ ಸಾರ್, ಹೆಂಗ್ ಕೊಡಾದು? ಮನೇಗಂಟ ಬಂದೋರಿಗೆ ಹುಳಕಲು ಕೊಟ್ಟೆ ಅಂದ್ರೆ ನಮ್ ಮನೇವ್ಳು ನನ್ನ ಒಳಗೆ ಬುಟ್ಕಂತಾಳಾ?"

ಕಡೆಗೊಂದು ಒಪ್ಪಂದವಾಯಿತು. ಅವರು ತೋಟಕ್ಕೆ ಬೆನ್ನು ಹಾಕಿ ನಿಂತರು. ನಾನು ಕಳ್ಳನ ಹಾಗೆ ಕೊಯ್ದುಕೊಂಡೆ.

ಇಡೀ ಸೀಟು

ರಟ್ಟಿನ ಡಬ್ಬಕ್ಕೆ ಎಲೆ ತುಂಬಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಹಿಂದೂಪುರದ ಬಸ್ ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಡಬ್ಬ ನುಜ್ಜಾದರೆ ಸೊಸೆಯ ಎಲೆಯ ಆಸೆಯೂ ಅಲ್ಲಿಗೇ ಮುಗೀತು ಅಂತ ತಲೆಯ ಮೇಲೆ ಹಿಡಿದು ನಿಂತೆ.

ಕಂಡಕ್ಟರ್ ಡಬ್ಬದ ಕಡೆ ಬೆರಳು ತೋರಿಸಿ ತೆಲುಗಿನಲ್ಲಿ ಕೇಳಿದ: "ಅಂದುಲೋ ಏಮುಂದಿ ಸಾರ್?"

"ಪುರುಗುಲಯ್ಯಾ," ಅಂದೆ. ಹುಳ ಅಂದ ತಕ್ಷಣ ಸುತ್ತ ಒಂದು ಗೇಣು ಜಾಗವಾಯಿತು.

ಸೀಟಿನಲ್ಲಿದ್ದ ಹೆಂಗಸು, "ಕಚ್ತಾವಾ?" ಅಂದರು.

"ಇಲ್ಲ ತಾಯಿ. ಕಣ್ಣಿಗೇ ಕಾಣಲ್ಲ, ಅಷ್ಟು ಸಣ್ಣವು," ಅಂದೆ, ಧೈರ್ಯ ತುಂಬಲು.

ಅದೇ ತಪ್ಪಾಯಿತು. ಕಾಣುವ ಹುಳವಾದರೆ ನೋಡಿಕೊಂಡು ಸರಿಯಬಹುದು. ಕಾಣದ ಹುಳ ಎಲ್ಲಿ ಬೇಕಾದರೂ ಇರಬಹುದು. ಆಕೆ ಎದ್ದರು, ಪಕ್ಕದವರೂ ಎದ್ದರು. ಮೂರು ಜನರ ಸೀಟಿನಲ್ಲಿ ನಾನು, ಡಬ್ಬ ಇಬ್ಬರೇ ರಾಜರಂತೆ ಕೂತೆವು. ಪೆನುಕೊಂಡ ಬರುವವರೆಗೆ ಬಸ್ಸಿನ ಅರ್ಧ ಜನ ಬೆನ್ನು ತುರಿಸಿಕೊಳ್ಳುತ್ತಲೇ ಇದ್ದರು. ನಿಜ ಹೇಳಬೇಕೆಂದರೆ, ಅವರನ್ನು ನೋಡಿ ನೋಡಿ ನಾನೂ.

ಹಿತ್ತಲ ಗಿಡ

ಕಣಜ ಬಿಟ್ಟು ಎರಡು ತಿಂಗಳಿಗೆ ಹಿಟ್ಟು ಮಾಯವಾಗಿ ತೋಟ ಹಸಿರಾಯಿತು. ಸೊಸೆ ಹೊಸ ಬೆಳೆಗೆ ರೇಷ್ಮೆ ಹುಳ ತಂದಳು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಹಗಲೂ ರಾತ್ರಿ ಮೇಯುತ್ತದೆ. ಸರಿಯಾಗಿ ಅದೇ ವಾರ, ಊರ ತೋಟಗಳಿಗೆಲ್ಲ ಒಟ್ಟಿಗೆ ಔಷಧಿ ಹೊಡೆಸಬೇಕು ಅಂತ ಪಕ್ಕದ ಹೊಲದವರು ಅರ್ಜಿ ಕೊಟ್ಟರು. ಹೊಡೆದರೆ ಗಾಳಿಗೆ ಹಾರಿ ಇವರ ಎಲೆಗೂ ಬೀಳುತ್ತದೆ, ಮನೆ ತುಂಬ ಇರುವ ಹುಳ ಹೋಗುತ್ತದೆ. ನೋಡಿ ತೀರ್ಮಾನಿಸಲು ದೊಡ್ಡ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ವಯಸ್ಸು ಚಿಕ್ಕದು, ಶರ್ಟಿನ ಗರಿ ಕೆಡದ ಮನುಷ್ಯ.

"ತಿಗಣೆ ತೋರ್ಸಿ," ಅಂದರು.

"ಇಲ್ಲ ಸಾರ್, ಕಣಜ ತಿಂದುಬಿಟ್ಟಿವೆ," ಅಂದೆ.

"ಸರಿ, ಕಣಜ ತೋರ್ಸಿ."

"ತಿಗಣೆ ಇಲ್ಲವಲ್ಲ ಸಾರ್, ಅವೂ ಹೊರಟುಹೋಗಿವೆ."

"ಅಂದ್ರೆ ಅದೂ ಇಲ್ಲ, ಇದೂ ಇಲ್ಲ. ನಾನು ವರದಿಯಲ್ಲಿ ಏನಂತ ಬರೀಲಿ?"

ಸೊಸೆ ಸೆರಗು ಹಿಂಡುತ್ತಾ ನಿಂತಿದ್ದಳು. ಮೂವತ್ತು ವರ್ಷ ಹುಳ ಸಾಕಿದ ನಾನು, ಒಂದಾದರೂ ತಿಗಣೆ ಸಿಕ್ಕೀತೇ ಅಂತ ಎಲೆ ಮಗುಚಿ ಹುಡುಕತೊಡಗಿದೆ. ಆಗ ಅಜ್ಜಿ, "ಬಾರಪ್ಪ ಇತ್ಲಾಗೆ," ಅಂತ ಅಧಿಕಾರಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲೊಂದು ಪರಂಗಿ ಗಿಡ, ಬುಡದಿಂದ ತುದಿವರೆಗೂ ಹಿಟ್ಟು. ಅದರ ಸುತ್ತ ನನ್ನ ಕಣಜಗಳು ದೂಳಿನ ಹಾಗೆ ಏಳುತ್ತಿದ್ದವು.

"ತೋಟದಾಗೆ ಖಾಲಿ ಆಗೋಯ್ತು. ಹಸ್ಕಂಡು ಸತ್ತಾವು ಅಂತ ಊರಾಗಿನ ತಿಗಣೆ ಎಲ್ಲ ತಂದು ಇಲ್ಲಿ ಬುಟ್ಟಿವ್ನಿ," ಅಂದರು ಅಜ್ಜಿ. "ಕೆಲ್ಸ ಮಾಡ್ದೋರ್ಗೆ ಊಟ ಇಕ್ಕದೆ ಕಳ್ಸಾಕಾಯ್ತದಾ?"

ಅಧಿಕಾರಿ ಗದರಿದರು: "ಅಜ್ಜಿ, ಸರ್ಕಾರ ಹುಳ ಸಾಯ್ಸಿ ಅಂತ ಒದ್ದಾಡ್ತಿದ್ರೆ ನೀವು ಸಾಕ್ತಿದ್ದೀರಲ್ಲ?"

ಅಜ್ಜಿ ನನ್ನ ಕಡೆ ಕೈ ತೋರಿಸಿದರು. "ಇವ್ನೂ ಅದೇಯ ಮಾಡಾದು. ಇವ್ನಿಗೆ ಸಂಬ್ಳ ಕೊಡ್ತೀರ, ನನ್ನ ಬಯ್ತೀರ."

ಅಧಿಕಾರಿ ತುಟಿ ಕಚ್ಚಿ ನಗು ತಡೆದುಕೊಂಡು ಭೂತಗನ್ನಡಿ ತೆಗೆದರು. ಬಹಳ ಹೊತ್ತು ಬಗ್ಗಿ ನೋಡಿದರು. ಗರಿಯ ಶರ್ಟಿಗೆಲ್ಲ ಹಿಟ್ಟು ಹತ್ತಿತು, ಗಮನವಿಲ್ಲ. ಅಲ್ಲೇ ನಿಂತು ಅರ್ಜಿಯ ಮೇಲೆ "ಔಷಧಿ ಸಿಂಪಡಿಸುವ ಅಗತ್ಯವಿಲ್ಲ" ಅಂತ ಬರೆದು ಸಹಿ ಮಾಡಿದರು. ಸೊಸೆ ಎಲೆ ಹಾಕುವ ಹೊತ್ತಾಯಿತು ಅಂತ ಒಳಗೆ ಓಡಿದಳು. ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಲಿಲ್ಲ ಅಂದುಕೊಂಡಿರಬೇಕು.

ಅಧಿಕಾರಿ ಮಾತ್ರ ಹೊರಡಲಿಲ್ಲ. ಅಜ್ಜಿಯ ಹತ್ತಿರ ಬಂದು ದನಿ ತಗ್ಗಿಸಿ, "ನಮ್ಮ ಕ್ವಾರ್ಟರ್ಸ್ ಹಿಂದೆಯೂ ಒಂದು ಪರಂಗಿ ಗಿಡ ಇದೆ ಅಜ್ಜಿ. ಪೂರ್ತಿ ಬೆಳ್ಳಗಾಗಿದೆ. ಸ್ವಲ್ಪ ಕಣಜ..." ಅಂದರು.

ಅಜ್ಜಿ ಅವರ ಖಾಲಿ ಕೈಗಳನ್ನು ನೋಡಿದರು. "ಹೆಪ್ಪು ಕೇಳಾಕೆ ಬರೋರು ಬಟ್ಲು ತಕಂಡು ಬರಾದಿಲ್ವೇನಪ್ಪ?"

ಅಧಿಕಾರಿ ಜೀಪಿನ ಕಡೆ ನಡೆದರು. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಜೀಪಿಗೆ ಒರಗಿ ನಿಂತು ಊಟದ ಡಬ್ಬಿಯ ಚಿತ್ರಾನ್ನವನ್ನು ಗಬಗಬ ಖಾಲಿ ಮಾಡುತ್ತಿದ್ದಾರೆ. ಆಗಿನ್ನೂ ಬೆಳಿಗ್ಗೆ ಹತ್ತು ಗಂಟೆ.